ವಿಲ್ಲೆಮ್ ಡ್ರೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್ಲೆಂಡ್ಸ್ ರಾಜಕೀಯದ ಮಾತು ಬಂದಾಗಲೆಲ್ಲ ಈ ಹೆಸರು ಬಂದೇ ಬರುತ್ತದೆ. ಜೊತೆಗೆ ಅವೇ ಪ್ರಶ್ನೆಗಳೂ ಬರುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರು ಪಿಂಚಣಿ ಬಗ್ಗೆ ಕೇಳುತ್ತಾರೆ. ಇತಿಹಾಸ ಓದುವವರು ಇಂಡೊನೇಶ್ಯದ ಬಗ್ಗೆ ಕೇಳುತ್ತಾರೆ. ಬಿಸ್ಕತ್ತಿನ ಕಥೆಯನ್ನಂತೂ ಎಲ್ಲರೂ ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಪರಿಚಯ

ಯಾರಿದು ಡ್ರೇಸ್? ಎರಡು ಮಾತಿನಲ್ಲಿ ಹೇಳಿ.

1948ರ ಆಗಸ್ಟ್‌ನಿಂದ 1958ರ ಡಿಸೆಂಬರ್‌ವರೆಗೆ ನೆದರ್ಲೆಂಡ್ಸ್‌ನ ಪ್ರಧಾನಿ. ಕಾರ್ಮಿಕ ಪಕ್ಷದವರು. ಹುಟ್ಟಿದ್ದು 1886ರ ಜುಲೈ 5ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ತೀರಿಕೊಂಡದ್ದು 1988ರ ಮೇ 14ರಂದು ಹೇಗ್‌ನಲ್ಲಿ. ಅಂದರೆ 101 ವರ್ಷ ಬದುಕಿದರು. ಯುದ್ಧದಲ್ಲಿ ನುಜ್ಜುಗುಜ್ಜಾಗಿದ್ದ ದೇಶವನ್ನು ಮತ್ತೆ ಕಟ್ಟುವ ಕಾಲದಲ್ಲಿ ಚುಕ್ಕಾಣಿ ಹಿಡಿದವರು. ಆದರೆ ಡಚ್ಚರ ಮನಸ್ಸಿನಲ್ಲಿ ಅವರು ಉಳಿದದ್ದು ಒಂದೇ ಕಾರಣಕ್ಕೆ: 65 ದಾಟಿದವರ ಕೈಗೆ ದುಡ್ಡು ಬರುವ ಹಾಗೆ ಮಾಡಿದರು.

ಓದಿದ್ದು ಏನು? ದೊಡ್ಡ ಮನೆತನದವರಾ?

ಇಲ್ಲ. ತಂದೆ ಬ್ಯಾಂಕ್ ನೌಕರ. ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಡ್ರೇಸ್ ವಾಣಿಜ್ಯ ಶಾಲೆಯಲ್ಲಿ ಓದು ಮುಗಿಸಿ 1903ರಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಮರುವರ್ಷವೇ, 18ನೇ ವಯಸ್ಸಿಗೆ, ಆಗಿನ ಸಮಾಜವಾದಿ ಪಕ್ಷ ಎಸ್‌ಡಿಎಪಿಗೆ ಸದಸ್ಯರಾದರು.

ಸ್ಟೆನೋ ಆಗಿದ್ದವರು ಪ್ರಧಾನಿ ಆದರಂತೆ, ಹೌದಾ?

ಹೌದು. ಅವರನ್ನು ತಯಾರು ಮಾಡಿದ್ದೇ ಆ ಕೆಲಸ ಅನ್ನುವುದು ನನ್ನ ನಂಬಿಕೆ. ಬ್ಯಾಂಕ್ ಬಿಟ್ಟ ಮೇಲೆ ಸ್ವಲ್ಪ ಕಾಲ ಆಮ್‌ಸ್ಟರ್‌ಡ್ಯಾಮ್ ನಗರಸಭೆಯಲ್ಲಿ ಶಾರ್ಟ್‌ಹ್ಯಾಂಡ್ ಬರೆದರು. 1907ರಿಂದ 1919ರವರೆಗೆ ಹೇಗ್‌ನ ಸಂಸತ್ತಿನಲ್ಲಿ ಅದೇ ಕೆಲಸ. ಹನ್ನೆರಡು ವರ್ಷ ಸದನದಲ್ಲಿ ಕೂತು ಎಲ್ಲ ಪಕ್ಷದವರ ಮಾತನ್ನೂ ಒಂದಕ್ಷರ ಬಿಡದೆ ಬರೆದುಕೊಳ್ಳಬೇಕಿತ್ತು. ತಮಗೆ ಒಪ್ಪಿಗೆಯಾಗದ ಮಾತನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸಬೇಕಿತ್ತು. ಯಾರು ಹೇಗೆ ವಾದಿಸುತ್ತಾರೆ, ಮಸೂದೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾವ ಮಾತು ಬರೀ ಆವೇಶ, ಯಾವುದರಲ್ಲಿ ತಿರುಳಿದೆ, ಇದೆಲ್ಲ ಅಲ್ಲಿ ಕಿವಿಗೆ ಬಿದ್ದೇ ಬೀಳುತ್ತದೆ. ಮುಂದೆ ಸಂಪುಟ ಸಭೆಗಳಲ್ಲಿ ಅವರು ಎಲ್ಲರ ಮಾತನ್ನೂ ಪೂರ್ತಿ ಕೇಳಿ, ಕೊನೆಗೆ ಎಲ್ಲರೂ ಒಪ್ಪುವಂತೆ ಸಾರಾಂಶ ಹೇಳುವುದರಲ್ಲಿ ಗಟ್ಟಿಗರಾಗಿದ್ದರು. ಶಾರ್ಟ್‌ಹ್ಯಾಂಡ್ ಬರೆಯುವ ರೂಢಿಯೂ ಕೊನೆತನಕ ಉಳಿಯಿತು.

ಅಮೆರಿಕದವರಿಗೆ ಟೀ ಜೊತೆ ಒಂದೇ ಬಿಸ್ಕತ್ತು ಕೊಟ್ಟ ಕಥೆ ನಿಜಾನಾ?

ಕಥೆ ಹೀಗಿದೆ. ಯುದ್ಧದಲ್ಲಿ ನಲುಗಿದ ಯುರೋಪಿಗೆ ಅಮೆರಿಕ ಕೊಡುತ್ತಿದ್ದ ಮಾರ್ಷಲ್ ಯೋಜನೆಯ ನೆರವಿನ ವಿಷಯ ಮಾತಾಡಲು ಅಮೆರಿಕದ ಅಧಿಕಾರಿಗಳು ಡ್ರೇಸ್ ಮನೆಗೆ ಬಂದರಂತೆ. ಅವರ ಹೆಂಡತಿ ಟೀ ತಂದು, ಜೊತೆಗೆ ಒಂದೊಂದು ಮಾರಿ ಬಿಸ್ಕತ್ತು ಇಟ್ಟರಂತೆ. ಪ್ರಧಾನಿಯೇ ಇಷ್ಟು ಸರಳವಾಗಿರುವ ದೇಶದಲ್ಲಿ ನಮ್ಮ ದುಡ್ಡು ಪೋಲಾಗುವುದಿಲ್ಲ ಅಂದುಕೊಂಡು ಬಂದವರು ಎದ್ದರಂತೆ.

ಹೀಗೇ ನಡೆಯಿತು ಅನ್ನಲು ಗಟ್ಟಿ ದಾಖಲೆ ಇಲ್ಲ. ಆದರೆ ಕಥೆ ಹುಟ್ಟಿದ್ದಕ್ಕೆ ಕಾರಣ ಇದೆ. ಹೇಗ್‌ನ ಬೇಕ್‌ಲಾನ್ ಬೀದಿಯ 502ನೇ ನಂಬರಿನ ಸಾಧಾರಣ ಮನೆಯಲ್ಲೇ ಅವರು ಇದ್ದರು, ಪ್ರಧಾನಿಯಾದ ಮೇಲೂ. ಕುಡಿತ ಮುಟ್ಟಿದವರಲ್ಲ. ಇನ್ನು ಮಾರ್ಷಲ್ ನೆರವು ಸಿಕ್ಕಿದ್ದು ಬಿಸ್ಕತ್ತಿನಿಂದಂತೂ ಅಲ್ಲ. ನೆದರ್ಲೆಂಡ್ಸ್‌ಗೆ ಬಂದದ್ದು 100 ಕೋಟಿ ಡಾಲರ್‌ಗೂ ಜಾಸ್ತಿ. ಅಷ್ಟು ದೊಡ್ಡ ಮೊತ್ತವನ್ನು ಅಮೆರಿಕ ತನ್ನ ಲೆಕ್ಕಾಚಾರ ನೋಡಿಕೊಂಡೇ ಕೊಟ್ಟಿತು.

## ನಗರಸಭೆ ಮತ್ತು ಯುದ್ಧ

ಪ್ರಧಾನಿ ಆಗುವ ಮೊದಲು ಆಡಳಿತದ ಅನುಭವ ಇತ್ತಾ?

ಬೇಕಾದಷ್ಟು ಇತ್ತು. 1913ರಲ್ಲಿ ಹೇಗ್ ನಗರಸಭೆಗೆ ಆರಿಸಿ ಬಂದರು. 1919ರಿಂದ 1933ರವರೆಗೆ ಅಲ್ಲಿನ ಆಡಳಿತ ಮಂಡಳಿಯಲ್ಲಿದ್ದರು. ನಗರದ ಮಟ್ಟಿಗೆ ಅದು ಮಂತ್ರಿಗಿರಿ ಇದ್ದ ಹಾಗೆ. ಹೆಚ್ಚಿನ ವರ್ಷ ಅವರ ಕೈಯಲ್ಲಿದ್ದದ್ದು ಸಮಾಜ ಕಲ್ಯಾಣ, ಕೊನೆಗೆ ಹಣಕಾಸು ಮತ್ತು ಕಾಮಗಾರಿ. ಕೆಲಸ ಕಳೆದುಕೊಂಡವರು, ಆಸರೆ ಇಲ್ಲದ ಮುದುಕರು, ಬಾಡಿಗೆ ಕಟ್ಟಲಾಗದವರು, ಇವರ ಅರ್ಜಿಗಳೇ ಅವರ ದಿನದ ಕೆಲಸ. 1933ರಲ್ಲಿ ಸಂಸತ್ತಿಗೆ ಹೋದರು. 1939ರಲ್ಲಿ ಅಲ್ಲಿ ಪಕ್ಷದ ನಾಯಕರಾದರು.

ಪಿಂಚಣಿ ಕಾನೂನನ್ನು ಅರ್ಥ ಮಾಡಿಕೊಳ್ಳಬೇಕು ಅಂದರೆ ಈ ಹದಿನಾಲ್ಕು ವರ್ಷವನ್ನು ಮರೆಯಬಾರದು. ಬಡತನವನ್ನು ಅವರು ಭಾಷಣದಲ್ಲಿ ಕಂಡವರಲ್ಲ, ಕಡತದಲ್ಲಿ ಕಂಡವರು.

ನಾಜಿಗಳು ಅವರನ್ನು ಬುಕೆನ್‌ವಾಲ್ಡ್‌ಗೆ ಯಾಕೆ ಕಳಿಸಿದರು?

ಒತ್ತೆಯಾಳಾಗಿ. ಬುಕೆನ್‌ವಾಲ್ಡ್ ಅಂದರೆ ಜರ್ಮನಿಯಲ್ಲಿದ್ದ ನಾಜಿಗಳ ಸೆರೆ ಶಿಬಿರ. 1940ರ ಮೇ ತಿಂಗಳಲ್ಲಿ ಜರ್ಮನಿ ನೆದರ್ಲೆಂಡ್ಸ್ ಮೇಲೆ ದಾಳಿ ಮಾಡಿತು. ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಇಂಡೊನೇಶ್ಯದಲ್ಲಿ ಜರ್ಮನ್ನರನ್ನು ಹಿಡಿದು ಕೂಡಿಹಾಕಲಾಯಿತು. ಅದಕ್ಕೆ ಸೇಡಾಗಿ ನಾಜಿಗಳು ಹೆಸರಿದ್ದ ಡಚ್ಚರನ್ನು ಹಿಡಿದರು. ಡ್ರೇಸ್‌ರನ್ನು ಹಿಡಿದದ್ದು 1940ರ ಅಕ್ಟೋಬರ್‌ನಲ್ಲಿ. ಈ ಒತ್ತೆಯಾಳುಗಳನ್ನು ಶಿಬಿರದ ಉಳಿದ ಕೈದಿಗಳಿಂದ ಬೇರೆ ಇಟ್ಟಿದ್ದರು. ಅವರ ಸ್ಥಿತಿ ಉಳಿದವರಷ್ಟು ಘೋರವಾಗಿರಲಿಲ್ಲ. ಒಂದು ವರ್ಷದ ನಂತರ ಆರೋಗ್ಯ ಕೆಟ್ಟಿದ್ದರಿಂದ ಬಿಟ್ಟರು.

ಊರಿಗೆ ಬಂದವರು ಸುಮ್ನೆ ಕೂರಲಿಲ್ಲ. ಪಕ್ಷ ನಿಷೇಧವಾಗಿತ್ತು, ಗುಟ್ಟಾಗಿ ಅದನ್ನು ನಡೆಸಿದರು. ಬೇರೆ ಬೇರೆ ಪಕ್ಷಗಳ ನಾಯಕರು ಕದ್ದು ಸೇರುತ್ತಿದ್ದ ಸಭೆಗಳಲ್ಲಿ ಇದ್ದರು. ಲಂಡನ್ನಿನಲ್ಲಿದ್ದ ಡಚ್ ಸರ್ಕಾರ ದೇಶದೊಳಗೆ ತನ್ನ ಪರವಾಗಿ ನೇಮಿಸಿದ ನಂಬಿಕಸ್ಥರ ಮಂಡಳಿಯಲ್ಲೂ ಇದ್ದರು. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಸಮಾಜವಾದಿಗಳು ಒಂದೇ ಕೋಣೆಯಲ್ಲಿ ಪ್ರಾಣ ಪಣಕ್ಕಿಟ್ಟು ಕೂತ ಆ ವರ್ಷಗಳು ಮುಂದಿನ ಸಮ್ಮಿಶ್ರ ಸರ್ಕಾರಗಳಿಗೆ ನೆಲ ಹದ ಮಾಡಿದವು. 1945ರಲ್ಲಿ ಯುದ್ಧ ಮುಗಿದಾಗ ರಾಣಿ ವಿಲ್ಹೆಲ್ಮಿನಾ ಸರ್ಕಾರ ರಚಿಸಲು ಕರೆದದ್ದು ಇಬ್ಬರನ್ನು: ಸ್ಕೆರ್ಮರ್‌ಹಾರ್ನ್ ಮತ್ತು ಡ್ರೇಸ್. ಸ್ಕೆರ್ಮರ್‌ಹಾರ್ನ್ ಪ್ರಧಾನಿಯಾದರು, ಡ್ರೇಸ್ ಮಂತ್ರಿಯಾದರು.

## ಪಿಂಚಣಿ

1947ರ ಕಾನೂನಿನಲ್ಲಿ ಅಂಥ ವಿಶೇಷ ಏನಿತ್ತು?

ಅದಕ್ಕೂ ಮುಂಚೆ ಹೇಗಿತ್ತು ಅನ್ನುವುದನ್ನು ಮೊದಲು ನೋಡಬೇಕು. ಕೂಲಿ ಕಾರ್ಮಿಕರಿಗೆ ಹಳೆಯ ವಿಮೆಯೊಂದು ಇತ್ತು, ಅದರಿಂದ ಸಿಗುತ್ತಿದ್ದದ್ದು ಜೀವನ ಸಾಗದಷ್ಟು ಚಿಕ್ಕ ಮೊತ್ತ. ಸಣ್ಣ ಅಂಗಡಿಯವರು, ತುಂಡು ಭೂಮಿಯ ರೈತರು ಅದರೊಳಗೆ ಬರುತ್ತಲೇ ಇರಲಿಲ್ಲ. ದುಡಿಯುವ ಶಕ್ತಿ ಉಡುಗಿದ ಮೇಲೆ ಮೂರೇ ದಾರಿ: ಮಕ್ಕಳು, ಚರ್ಚು, ಇಲ್ಲದಿದ್ದರೆ ಊರಿನ ಬಡವರ ನಿಧಿ. ಬಡವರ ನಿಧಿಗೆ ಕೈಚಾಚುವುದು ಅಂದರೆ ಮಾನ ಬಿಡುವುದೇ. ಯಾಕೆ ಬಡವರಾದಿರಿ, ಮಕ್ಕಳು ಯಾಕೆ ನೋಡಿಕೊಳ್ಳುತ್ತಿಲ್ಲ ಅಂತ ಅಧಿಕಾರಿ ಮನೆಗೇ ಬಂದು ಕೇಳಬಹುದಿತ್ತು.

ಡ್ರೇಸ್ ಆಗ ಸಮಾಜ ವ್ಯವಹಾರಗಳ ಮಂತ್ರಿ. 1947ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತುರ್ತು ಕಾನೂನಿನ ಪ್ರಕಾರ 65 ದಾಟಿದ, ಆದಾಯ ಕಡಿಮೆ ಇದ್ದ ಎಲ್ಲರಿಗೂ ಸರ್ಕಾರದ ಬೊಕ್ಕಸದಿಂದ ಹಣ. ಮೊದಲೇ ಕಂತು ಕಟ್ಟಿರಬೇಕಾಗಿಲ್ಲ. ಯಾರ ಬಳಿ ದುಡಿದಿರಿ ಅಂತ ಕೇಳುವುದಿಲ್ಲ. ದೊಡ್ಡ ಊರಿನಲ್ಲಿ ಖರ್ಚು ಜಾಸ್ತಿ ಅಂತ ಅಲ್ಲಿಗೆ ಮೊತ್ತವೂ ಸ್ವಲ್ಪ ಜಾಸ್ತಿ. ಇದನ್ನು ಮೂರು ವರ್ಷಕ್ಕೆ ಅಂತ ತಂದದ್ದು, ನಡೆದದ್ದು 1957ರವರೆಗೆ.

ಮೊತ್ತ ದೊಡ್ಡದೇನಲ್ಲ. ಆದರೆ ಕೊಡುವ ರೀತಿ ಬದಲಾಯಿತು. ಭಿಕ್ಷೆಯಾಗಿದ್ದದ್ದು ಹಕ್ಕಾಯಿತು. ಪಿಂಚಣಿ ಪಡೆಯುವುದಕ್ಕೆ ಜನ ‘ಡ್ರೇಸ್‌ರಿಂದ ಪಡೆಯುವುದು’ ಅಂತಲೇ ಹೇಳತೊಡಗಿದರು, ಆ ಮಾತು ಡಚ್ ಭಾಷೆಯಲ್ಲಿ ನೆಲೆಯೂರಿತು. ‘ಅಪ್ಪ ಡ್ರೇಸ್’ ಅನ್ನುವ ಅಕ್ಕರೆಯ ಹೆಸರೂ ಬಂತು. ಒಬ್ಬ ಮಂತ್ರಿಯ ಹೆಸರು ಅಡುಗೆಮನೆಯ ಮಾತಿಗೆ ಬರುವುದು ಸುಮ್ನೆ ಆಗುವುದಿಲ್ಲ, ಅಲ್ವಾ?

ಹಾಗಾದರೆ 1957ರ ಕಾನೂನು ಬೇರೆನಾ?

ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. 1957ರ ಜನವರಿ 1ರಿಂದ ಬಂದದ್ದು ಎಒಡಬ್ಲ್ಯು ಅನ್ನುವ ಕಾನೂನು, ಇವತ್ತಿಗೂ ಇರುವುದು ಅದೇ. ಇದರಲ್ಲಿ ಆದಾಯದ ಮಿತಿ ಇಲ್ಲ. ಕಾರ್ಖಾನೆ ಮಾಲೀಕನಿಗೂ, ಗುಡಿಸುವವನಿಗೂ ಒಂದೇ ಮೊತ್ತ. ದುಡ್ಡು ಬರುವುದು ದುಡಿಯುವವರು ಕಟ್ಟುವ ಕಂತಿನಿಂದ. ಇವತ್ತು ದುಡಿಯುವವರು ಇವತ್ತಿನ ಹಿರಿಯರಿಗೆ ಕೊಡುತ್ತಾರೆ, ನಾಳೆ ಇವರಿಗೆ ಮುಂದಿನವರು ಕೊಡುತ್ತಾರೆ.

ಇಲ್ಲೊಂದು ರಾಜಿ ಇದೆ. ತೆರಿಗೆ ಹಣದಿಂದಲೇ ಪಿಂಚಣಿ ಕೊಡಬೇಕು ಅನ್ನುವುದು ಸಮಾಜವಾದಿಗಳ ಹಳೆಯ ಬೇಡಿಕೆ, ಡ್ರೇಸ್ ಅವರದ್ದೂ ಅದೇ ನಿಲುವು. ಕ್ರೈಸ್ತ ಪಕ್ಷಗಳು ಇದಕ್ಕೆ ಒಪ್ಪಲಿಲ್ಲ. ಕಂತು ಕಟ್ಟಿದರೇ ಹಕ್ಕು, ಇಲ್ಲದಿದ್ದರೆ ಅದು ಸರ್ಕಾರದ ದಾನ ಅನ್ನುವುದು ಅವರ ವಾದ. ಕೊನೆಗೆ ಕಂತಿನ ದಾರಿಯೇ ಗೆದ್ದಿತು. ಆದರೆ ಎಲ್ಲರಿಗೂ ಪಿಂಚಣಿ, ಎಲ್ಲರಿಗೂ ಒಂದೇ ಮೊತ್ತ ಅನ್ನುವುದು ಉಳಿಯಿತು. ದಾರಿ ಬಿಟ್ಟುಕೊಟ್ಟು ಗುರಿ ಉಳಿಸಿಕೊಂಡರು. ನನ್ನ ಮಟ್ಟಿಗೆ ಇದೇ ಅವರ ರಾಜಕೀಯದ ಅತ್ಯುತ್ತಮ ಗಳಿಗೆ.

ಎಲ್ಲ ಶ್ರೇಯಸ್ಸೂ ಅವರೊಬ್ಬರಿಗೇ ಕೊಡುವುದು ಸರಿನಾ?

ಸರಿಯಲ್ಲ. ಸರ್ಕಾರಿ ಪಿಂಚಣಿಗಾಗಿ ಹೋರಾಡಲು 1900ರಲ್ಲೇ ಸಂಘ ಹುಟ್ಟಿತ್ತು. ಯುದ್ಧದ ನಡುವೆ, 1943ರಲ್ಲಿ, ಲಂಡನ್ನಿನಲ್ಲಿ ವಾನ್ ರೇನ್ ಸಮಿತಿ ಎಲ್ಲರಿಗೂ ಸಾಮಾಜಿಕ ವಿಮೆ ಬೇಕು ಅಂದ ಬ್ರಿಟನ್ನಿನ ಬೆವರಿಜ್ ವರದಿಯನ್ನು ಮುಂದಿಟ್ಟುಕೊಂಡು ಡಚ್ಚರ ಸಾಮಾಜಿಕ ಭದ್ರತೆಯ ನಕ್ಷೆ ಹಾಕಿತ್ತು. 1957ರ ಕಾನೂನನ್ನು ಸಂಸತ್ತಿನಲ್ಲಿ ದಡ ಮುಟ್ಟಿಸಿದ್ದು ಸಮಾಜ ವ್ಯವಹಾರಗಳ ಮಂತ್ರಿ ಕೋ ಸೂರ್‌ಹಾಫ್. ಅವರ ಹೆಸರನ್ನು ಇವತ್ತು ಯಾರೂ ಎತ್ತುವುದಿಲ್ಲ. ಅದು ನನಗೆ ಅನ್ಯಾಯ ಅನ್ನಿಸುತ್ತದೆ.

ನಾವು ಇಲ್ಲಿ ಕೆಲಸ ಮಾಡ್ತಿದ್ದೀವಿ. ನಮಗೂ ಈ ಪಿಂಚಣಿ ಸಿಗುತ್ತಾ?

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆಯಿಂದ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಸಾಮಾನ್ಯವಾಗಿ ಸಿಗುತ್ತದೆ. ಪಿಂಚಣಿ ವಯಸ್ಸಿಗೆ ಮುಂಚಿನ 50 ವರ್ಷಗಳಲ್ಲಿ ನೀವು ನೆದರ್ಲೆಂಡ್ಸ್‌ನಲ್ಲಿ ವಾಸವಿದ್ದ ಅಥವಾ ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಪೂರ್ಣ ಪಿಂಚಣಿಯ ನೂರಕ್ಕೆ 2 ಭಾಗ ಜಮೆಯಾಗುತ್ತದೆ. ಹತ್ತು ವರ್ಷ ಇದ್ದರೆ ನೂರಕ್ಕೆ 20. ಪೌರತ್ವ ಮುಖ್ಯವಲ್ಲ. ಕೆಲಸಕ್ಕೆ ಹೋಗದೆ ಮನೆಯಲ್ಲಿರುವ ಗಂಡ ಅಥವಾ ಹೆಂಡತಿಗೂ ಅವರ ವಾಸದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಕಂತು ವೇತನ ತೆರಿಗೆಯೊಳಗೇ ಸೇರಿ ಕಡಿತವಾಗುವುದರಿಂದ ಎಷ್ಟೋ ಜನರಿಗೆ ತಾವು ಕಟ್ಟುತ್ತಿರುವುದೇ ಗೊತ್ತಿರುವುದಿಲ್ಲ.

ಊರಿಗೆ ಮರಳಿದರೂ ಜಮೆಯಾದ ಪಾಲು ಅಳಿಸಿಹೋಗುವುದಿಲ್ಲ. ಆದರೆ ಭಾರತದ ಕಂಪನಿ ನಿಮ್ಮನ್ನು ಸ್ವಲ್ಪ ಕಾಲಕ್ಕೆ ಕಳಿಸಿದ್ದು, ಪಿಎಫ್ ಭಾರತದಲ್ಲೇ ಕಟ್ಟುತ್ತಿದ್ದರೆ ನಿಯಮ ಬೇರೆ. ಎರಡೂ ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ. ನಿಮ್ಮ ಲೆಕ್ಕ ಎಷ್ಟಾಗಿದೆ ಅನ್ನುವುದನ್ನು ಪಿಂಚಣಿ ಕೊಡುವ ಸಂಸ್ಥೆಯಾದ ಎಸ್‌ವಿಬಿಯಲ್ಲೇ ವಿಚಾರಿಸಿ. ಗೆಳೆಯರು ಹೇಳಿದ್ದನ್ನು ನಂಬಿ ಕೂರಬೇಡಿ.

## ಪ್ರಧಾನಿಯಾಗಿ ಹತ್ತು ವರ್ಷ

1948ರಲ್ಲಿ ದೊಡ್ಡ ಪಕ್ಷ ಕ್ಯಾಥೊಲಿಕರದ್ದು. ಆದರೂ ಇವರು ಹೇಗೆ ಪ್ರಧಾನಿ ಆದರು?

ಆ ಚುನಾವಣೆಯಲ್ಲಿ 100 ಸ್ಥಾನಗಳ ಸದನದಲ್ಲಿ ಕ್ಯಾಥೊಲಿಕ್ ಪಕ್ಷಕ್ಕೆ 32, ಕಾರ್ಮಿಕ ಪಕ್ಷಕ್ಕೆ 27. ಇಂಡೊನೇಶ್ಯದ ಬಿಕ್ಕಟ್ಟಿಗಾಗಿ ಸಂವಿಧಾನ ತಿದ್ದಬೇಕಿತ್ತು, ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. ಹಾಗಾಗಿ ದೊಡ್ಡ ಕೂಟವೇ ಆಗಬೇಕಿತ್ತು. ಎಲ್ಲ ಕಡೆಯವರೂ ಒಪ್ಪುವ ವ್ಯಕ್ತಿ ಅಂತ ಡ್ರೇಸ್ ಹೆಸರು ಗಟ್ಟಿಯಾಯಿತು. ಆಗ ಅವರಿಗೆ 62 ವರ್ಷ. ಒಂದರ ಹಿಂದೊಂದು ನಾಲ್ಕು ಸಂಪುಟ ನಡೆಸಿದರು. 1956ರ ಚುನಾವಣೆಯಲ್ಲಿ ಅವರ ಪಕ್ಷವೇ ಅತಿ ದೊಡ್ಡದಾಯಿತು, ಆದರೆ ಸರ್ಕಾರ ರಚಿಸಲು ಜೂನ್‌ನಿಂದ ಅಕ್ಟೋಬರ್‌ವರೆಗೆ, 122 ದಿನ ಹಿಡಿಯಿತು. ಆ ಸಂಪುಟದಲ್ಲೇ ಮಾರ್ಗಾ ಕ್ಲಾಂಪೆ ಆ ದೇಶದ ಮೊದಲ ಮಹಿಳಾ ಮಂತ್ರಿಯಾದರು.

ಬಿಷಪ್‌ಗಳು ಅವರ ಪಕ್ಷವನ್ನು ವಿರೋಧಿಸಿದ್ದರಂತೆ. ಸರ್ಕಾರ ಬೀಳಲಿಲ್ವಾ?

ಬೀಳಲಿಲ್ಲ. ಆಗಿನ ಡಚ್ ಸಮಾಜ ಕಂಬ ಕಂಬವಾಗಿ ಒಡೆದಿತ್ತು. ಕ್ಯಾಥೊಲಿಕರಿಗೆ ಅವರದ್ದೇ ಶಾಲೆ, ಪತ್ರಿಕೆ, ರೇಡಿಯೊ, ಕಾರ್ಮಿಕ ಸಂಘ, ಕೊನೆಗೆ ಫುಟ್‌ಬಾಲ್ ಕ್ಲಬ್ ಕೂಡ. ಪ್ರೊಟೆಸ್ಟೆಂಟರಿಗೂ, ಸಮಾಜವಾದಿಗಳಿಗೂ ಹಾಗೇ. 1954ರ ಮೇ ತಿಂಗಳಲ್ಲಿ ಬಿಷಪ್‌ಗಳು ಆಜ್ಞೆ ಹೊರಡಿಸಿದರು: ಕ್ಯಾಥೊಲಿಕರು ಸಮಾಜವಾದಿ ಕಾರ್ಮಿಕ ಸಂಘಕ್ಕೆ ಸೇರಬಾರದು, ಕಾರ್ಮಿಕ ಪಕ್ಷದಿಂದಲೂ ದೂರ ಇರಬೇಕು. ವಿಚಿತ್ರ ಅಂದರೆ ಅದೇ ಹೊತ್ತಿಗೆ ಕ್ಯಾಥೊಲಿಕ್ ಪಕ್ಷ ಡ್ರೇಸ್ ಸಂಪುಟದಲ್ಲಿ ಕೂತಿತ್ತು. ಮುಂದಿನ ಚುನಾವಣೆಯಲ್ಲಿ ಕಾರ್ಮಿಕ ಪಕ್ಷದ ಮತ ಏರಿತೇ ವಿನಾ ಇಳಿಯಲಿಲ್ಲ.

1953ರ ಪ್ರವಾಹದಲ್ಲಿ ಸರ್ಕಾರ ಏನು ಮಾಡಿತು?

ಜನವರಿ 31ರ ಶನಿವಾರ ರಾತ್ರಿ ಉತ್ತರ ಸಮುದ್ರದಲ್ಲಿ ಬಿರುಗಾಳಿ ಎದ್ದಿತು, ಜೊತೆಗೆ ದೊಡ್ಡ ಉಬ್ಬರ. ನೈಋತ್ಯದ ಜೇಲಾಂಡ್, ದಕ್ಷಿಣ ಹಾಲಂಡ್‌ಗಳಲ್ಲಿ ಸಮುದ್ರದ ಒಡ್ಡುಗಳು ಸಾಲುಸಾಲಾಗಿ ಒಡೆದವು. ರಾತ್ರಿ ರೇಡಿಯೊ ಬಂದ್. ಎಷ್ಟೋ ಜನರಿಗೆ ನೀರು ಮನೆಯೊಳಗೆ ನುಗ್ಗಿದಾಗಲೇ ಗೊತ್ತಾದದ್ದು. ಸತ್ತವರು 1836 ಜನ.

ಒಂದು ಘಟನೆಯನ್ನು ಹೇಳಲೇಬೇಕು. ಐಸೆಲ್ ನದಿ ದಂಡೆಯ ನ್ಯೂವರ್‌ಕೆರ್ಕ್‌ನಲ್ಲಿ ಒಡ್ಡು ಬಿರಿಯಿತು. ಅದು ಪೂರ್ತಿ ಹೋದರೆ ಲಕ್ಷಾಂತರ ಜನ ವಾಸಿಸುವ ತಗ್ಗು ಪ್ರದೇಶ ಮುಳುಗುತ್ತಿತ್ತು. ಅರಿ ಎವೆಗ್ರೂನ್ ಅನ್ನುವ ದೋಣಿಯವರು ತಮ್ಮ ಸರಕು ದೋಣಿಯನ್ನೇ ಆ ಬಿರುಕಿಗೆ ಅಡ್ಡ ನಿಲ್ಲಿಸಿದರು. ನೀರಿನ ರಭಸ ದೋಣಿಯನ್ನು ಬಾಗಿಲಿನಂತೆ ಒಡ್ಡಿಗೆ ಒತ್ತಿ ಹಿಡಿಯಿತು.

ಆ ಫೆಬ್ರವರಿಯಲ್ಲೇ ಸರ್ಕಾರ ಡೆಲ್ಟಾ ಸಮಿತಿ ನೇಮಿಸಿತು. ಸಮುದ್ರದ ಬಾಯಿಗಳನ್ನೇ ಅಣೆಕಟ್ಟುಗಳಿಂದ ಮುಚ್ಚಿ ಕರಾವಳಿಯನ್ನು ಚಿಕ್ಕದು ಮಾಡುವ ಯೋಜನೆಯನ್ನು ಆ ಸಮಿತಿ ಹಾಕಿತು. 1958ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಕೆಲಸ ಮುಗಿಯಲು ದಶಕಗಳೇ ಬೇಕಾದವು. ತನ್ನ ಕಾಲದಲ್ಲಿ ಫಲ ಕೊಡದ ಕೆಲಸಕ್ಕೆ ಸರ್ಕಾರವೊಂದು ಅಷ್ಟು ದುಡ್ಡು ಎತ್ತಿಟ್ಟಿತು ಅನ್ನುವುದನ್ನು ಗಮನಿಸಿ.

“ದೇಶ ಬಿಟ್ಟು ಹೋಗಿ” ಅಂತ ಜನರಿಗೆ ಪ್ರಧಾನಿಯೇ ಹೇಳಿದ್ದರಾ?

ಅಷ್ಟು ಒರಟಾಗಿ ಅಲ್ಲ, ಆದರೆ ಅರ್ಥ ಅದೇ. 1950ರ ಹೊಸ ವರ್ಷದ ಭಾಷಣದಲ್ಲಿ, ನಮ್ಮ ಜನರಲ್ಲಿ ಒಂದು ಭಾಗ ಹಿಂದಿನವರಂತೆ ಧೈರ್ಯ ಮಾಡಿ ದೊಡ್ಡ ದೇಶಗಳಲ್ಲಿ ಬದುಕು ಹುಡುಕಬೇಕು ಅಂದರು. ಮನೆಗಳಿಲ್ಲ, ಜನಸಂಖ್ಯೆ ಏರುತ್ತಿದೆ, ಎಲ್ಲರಿಗೂ ಕೆಲಸ ಸಿಗುವುದಿಲ್ಲ ಅನ್ನುವ ಭಯ ಆಗ ನಿಜವಾಗಿತ್ತು. ಸರ್ಕಾರದ ಸಹಾಯಧನ ಪಡೆದು ಲಕ್ಷಾಂತರ ಜನ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹಡಗು ಹತ್ತಿದರು. ಉಳಿದವರಿಗೆ ಬಿಗಿ ಬದುಕು. ಸಂಬಳವನ್ನು ಬೇಕೆಂದೇ ಕೆಳಗಿಟ್ಟು, ಸರಕನ್ನು ಅಗ್ಗವಾಗಿ ರಫ್ತು ಮಾಡಿ ಕಾರ್ಖಾನೆಗಳನ್ನು ಬೆಳೆಸುವುದು ಆ ಕಾಲದ ನೀತಿ.

ರಾಣಿಯ ಅರಮನೆಯಲ್ಲಿ ಮಂತ್ರಶಕ್ತಿಯ ಹೆಂಗಸೊಬ್ಬಳು ಇದ್ದಳಂತೆ. ಏನದು?

ರಾಣಿ ಯುಲಿಯಾನಾ ಅವರ ಕಿರಿಯ ಮಗಳಿಗೆ ಹುಟ್ಟಿನಿಂದ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಪ್ರಾರ್ಥನೆಯಿಂದ ರೋಗ ವಾಸಿ ಮಾಡುತ್ತೇನೆ ಅನ್ನುತ್ತಿದ್ದ ಗ್ರೇಟ್ ಹಾಫ್‌ಮಾನ್ಸ್ 1948ರಲ್ಲಿ ಅರಮನೆಗೆ ಬಂದರು. ಕ್ರಮೇಣ ರಾಣಿಯ ಮೇಲೆ ಅವರ ಪ್ರಭಾವ ಬೆಳೆಯಿತು, ರಾಜದಂಪತಿಗಳ ನಡುವೆ ಬಿರುಕು ಬಿಟ್ಟಿತು. 1956ರ ಜೂನ್‌ನಲ್ಲಿ ಜರ್ಮನಿಯ ಡೆರ್ ಸ್ಪೀಗಲ್ ಪತ್ರಿಕೆ ಎಲ್ಲವನ್ನೂ ಬಯಲು ಮಾಡಿತು. ಸುದ್ದಿ ಕೊಟ್ಟವರು ರಾಣಿಯ ಗಂಡ ಬರ್ನ್‌ಹಾರ್ಡ್ ಅನ್ನುವುದು ಆಮೇಲೆ ಗೊತ್ತಾಯಿತು.

ಡ್ರೇಸ್ ಗದ್ದಲ ಮಾಡಲಿಲ್ಲ. ಮೂವರು ಹಿರಿಯರ ಸಮಿತಿ ಕೂತಿತು, ಹಾಫ್‌ಮಾನ್ಸ್ ಅರಮನೆಯಿಂದ ದೂರವಾದರು, ಸಿಂಹಾಸನ ಉಳಿಯಿತು. ಸಮಿತಿಯ ವರದಿ ಜನರ ಕೈಗೆ ಸಿಕ್ಕಿದ್ದು 2008ರಲ್ಲಿ. ಅರ್ಧ ಶತಮಾನ ಮುಚ್ಚಿಡುವಂಥದ್ದು ಅದರಲ್ಲಿ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

## ಕಷ್ಟದ ಪ್ರಶ್ನೆಗಳು

ಇಂಡೊನೇಶ್ಯದ ಯುದ್ಧಕ್ಕೆ ಅವರೂ ಹೊಣೆ ಅಲ್ವಾ?

ಹೊಣೆ. ಇದನ್ನು ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಸ್ವಾತಂತ್ರ್ಯ ಹೋರಾಟದ ನಾಯಕರಾದ ಸುಕರ್ನೊ ಮತ್ತು ಹಟ್ಟಾ 1945ರ ಆಗಸ್ಟ್ 17ರಂದು ಇಂಡೊನೇಶ್ಯ ಸ್ವತಂತ್ರ ಅಂತ ಘೋಷಿಸಿದರು. ಡಚ್ಚರು ಒಪ್ಪಲಿಲ್ಲ. 1947ರ ಜುಲೈನಲ್ಲಿ ಮೊದಲ ದೊಡ್ಡ ಸೇನಾ ದಾಳಿ ನಡೆದಾಗ ಡ್ರೇಸ್ ಮಂತ್ರಿ. 1948ರ ಡಿಸೆಂಬರ್‌ನಲ್ಲಿ ಎರಡನೆಯದು ನಡೆದಾಗ ಪ್ರಧಾನಿ. ಎರಡಕ್ಕೂ ಕೊಟ್ಟ ಹೆಸರು ‘ಪೊಲೀಸ್ ಕಾರ್ಯಾಚರಣೆ’. ವಿಮಾನ, ಟ್ಯಾಂಕು, ಒಂದು ಲಕ್ಷಕ್ಕೂ ಜಾಸ್ತಿ ಸೈನಿಕರಿದ್ದ ಯುದ್ಧಕ್ಕೆ ಇಟ್ಟ ಹೆಸರು ಇದು.

ಎರಡನೇ ದಾಳಿಗೆ ಡ್ರೇಸ್ ಹಿಂದೆ ಮುಂದೆ ನೋಡಿದ್ದು ನಿಜ. ಮಾತುಕತೆಗೆ ಇನ್ನೂ ಸಮಯ ಕೊಡೋಣ ಅಂದರು. ಆದರೆ ಸಂಪುಟದ ಕ್ಯಾಥೊಲಿಕ್ ಮಂತ್ರಿಗಳು ಪಟ್ಟು ಹಿಡಿದರು, ಸರ್ಕಾರ ಬೀಳುವ ಹಾಗಾಯಿತು, ಇವರು ಒಪ್ಪಿದರು. ಸೇನೆ ಅವರ ರಾಜಧಾನಿ ಯೋಗ್ಯಕರ್ತ ಹಿಡಿದು ಸುಕರ್ನೊ, ಹಟ್ಟಾರನ್ನು ಬಂಧಿಸಿತು. ನೆಲ ಗೆದ್ದರು, ಲೋಕದ ಮುಂದೆ ಸೋತರು. 1949ರ ಜನವರಿಯಲ್ಲಿ ಭದ್ರತಾ ಮಂಡಳಿ ಬಂಧಿತರನ್ನು ಬಿಡಿ ಅಂತ ನಿರ್ಣಯ ಮಾಡಿತು. ಇಂಡೊನೇಶ್ಯದ ಪಾಲಿನ ಮಾರ್ಷಲ್ ನೆರವನ್ನು ಅಮೆರಿಕ ನಿಲ್ಲಿಸಿತು, ಉಳಿದದ್ದಕ್ಕೂ ಕುತ್ತು ಬರುವ ಸೂಚನೆ ಕೊಟ್ಟಿತು.

ಆಮೇಲೆ ದಾರಿ ಬದಲಾಯಿತು. ಹೇಗ್‌ನಲ್ಲಿ ದುಂಡುಮೇಜಿನ ಮಾತುಕತೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ನಡೆಯಿತು. 1949ರ ಡಿಸೆಂಬರ್ 27ರಂದು ಆಮ್‌ಸ್ಟರ್‌ಡ್ಯಾಮ್ ಅರಮನೆಯಲ್ಲಿ ಯುಲಿಯಾನಾ, ಹಟ್ಟಾ, ಡ್ರೇಸ್ ಎಲ್ಲರೂ ಕೂತು ಸಹಿ ಹಾಕಿದರು. ಹೊಸ ದೇಶದ ತಲೆಗೆ 400 ಕೋಟಿ ಗಿಲ್ಡರ್‌ಗೂ ಜಾಸ್ತಿ ಸಾಲ ಕಟ್ಟಿದರು. ತಮ್ಮ ಮೇಲೆ ನಡೆದ ಯುದ್ಧದ ಖರ್ಚೂ ಅದರಲ್ಲಿ ಸೇರಿತ್ತು! ಪಶ್ಚಿಮ ನ್ಯೂಗಿನಿಯನ್ನು ಬಿಟ್ಟುಕೊಡಲೂ ಇಲ್ಲ. ಆ ಜಗಳ 1962ರವರೆಗೆ ಎಳೆಯಿತು.

ಡಚ್ ಸೇನೆ ಅಲ್ಲಿ ಮಿತಿಮೀರಿದ ಹಿಂಸೆಯನ್ನು ಮತ್ತೆ ಮತ್ತೆ ಬಳಸಿತು, ಹೇಗ್‌ನಲ್ಲಿದ್ದವರು ಅದಕ್ಕೆ ಕಣ್ಣು ಮುಚ್ಚಿಕೊಂಡರು ಅಂತ ಮೂರು ಡಚ್ ಸಂಸ್ಥೆಗಳ ಸಂಶೋಧನೆ 2022ರಲ್ಲಿ ಹೇಳಿತು. ಅದೇ ದಿನ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಿದರು. ತನ್ನ ನಾಡಿನ ಮುದುಕಿಯೊಬ್ಬಳ ಮಾನದ ಬಗ್ಗೆ ಅಷ್ಟು ಯೋಚಿಸಿದ ಮನುಷ್ಯ ಜಾವಾದ ಹಳ್ಳಿಯ ಮುದುಕಿಯ ಬಗ್ಗೆ ಹಾಗೆ ಯೋಚಿಸಲಿಲ್ಲ. ಪಿಂಚಣಿಗಾಗಿ ಅವರನ್ನು ಮೆಚ್ಚುವ ನಾನು ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಇದರಲ್ಲಿ ಭಾರತದ ಪಾತ್ರ ಏನು?

ಸಣ್ಣದೇನಲ್ಲ. 1947ರ ಜುಲೈನಲ್ಲಿ ಬಿಜು ಪಟ್ನಾಯಕ್ ಡಚ್ಚರ ಕಣ್ಗಾವಲು ದಾಟಿ ವಿಮಾನದಲ್ಲಿ ಜಾವಾಕ್ಕೆ ಹೋಗಿ, ಇಂಡೊನೇಶ್ಯದ ನಾಯಕ ಸುತಾನ್ ಶಹ್ರೀರ್‌ರನ್ನು ಹೊರಗೆ ಕರೆತಂದರು. 1949ರ ಜನವರಿಯಲ್ಲಿ ನೆಹರೂ ದಿಲ್ಲಿಯಲ್ಲಿ ಏಶ್ಯದ ದೇಶಗಳ ಸಮ್ಮೇಳನ ಕರೆದು ಡಚ್ಚರ ದಾಳಿಯನ್ನು ಖಂಡಿಸಿದರು. ಭದ್ರತಾ ಮಂಡಳಿಯ ನಿರ್ಣಯ ಬಂದದ್ದು ಇದರ ಬೆನ್ನಿಗೇ.

ಮೊಲುಕ್ಕನ್ ಸೈನಿಕರಿಗೆ ಮೋಸ ಆಯ್ತು ಅಂತಾರೆ. ಅದು ಇವರ ಕಾಲದಲ್ಲೇನಾ?

ಇವರ ಕಾಲದಲ್ಲೇ. ಮೊಲುಕ್ಕಾ ದ್ವೀಪಗಳ ಎಷ್ಟೋ ಜನ ಡಚ್ ವಸಾಹತು ಸೇನೆಯಲ್ಲಿದ್ದರು. ಸ್ವತಂತ್ರ ಇಂಡೊನೇಶ್ಯದಲ್ಲಿ ಅವರಿಗೆ ನೆಲೆ ಇರಲಿಲ್ಲ. 1951ರಲ್ಲಿ ಸೈನಿಕರು, ಹೆಂಡತಿ ಮಕ್ಕಳು ಸೇರಿ ಸುಮಾರು 12,500 ಜನರನ್ನು ಹಡಗಿನಲ್ಲಿ ನೆದರ್ಲೆಂಡ್ಸ್‌ಗೆ ಕರೆತಂದರು. ತಾತ್ಕಾಲಿಕ ಅಂದಿದ್ದರು. ಬಂದಿಳಿದ ಕೂಡಲೇ ಸೇನೆಯಿಂದ ತೆಗೆದುಹಾಕಿದರು. ಇರಲು ಕೊಟ್ಟದ್ದು ಶಿಬಿರಗಳು. ಅವುಗಳಲ್ಲಿ ಒಂದು ವೆಸ್ಟರ್‌ಬಾರ್ಕ್. ಕೆಲವೇ ವರ್ಷಗಳ ಹಿಂದೆ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ರೈಲು ಹತ್ತಿಸಿದ ಜಾಗ ಅದು. ಆ ಕುಟುಂಬಗಳ ನೋವು ಇನ್ನೂ ಆರಿಲ್ಲ.

ಐರೋಪ್ಯ ಒಕ್ಕೂಟಕ್ಕೆ ಅಡಿಗಲ್ಲು ಹಾಕಿದವರಲ್ಲಿ ಇವರೂ ಒಬ್ಬರಾ?

ಒಕ್ಕೂಟಕ್ಕೆ ಬುನಾದಿಯಾದ ಒಪ್ಪಂದಗಳಿಗೆ ಸಹಿ ಬಿದ್ದದ್ದು ಇವರ ಆಳ್ವಿಕೆಯಲ್ಲಿ, ಆದರೆ ಉತ್ಸಾಹ ಇವರದ್ದಲ್ಲ. ಒಗ್ಗೂಡಿದ ಯುರೋಪಿನ ಕನಸು ಕಂಡವರು ಇವರ ವಿದೇಶಾಂಗ ಮಂತ್ರಿ ಬೇಯೆನ್ ಮತ್ತು ಕೃಷಿ ಮಂತ್ರಿ ಮಾನ್ಸ್‌ಹಾಲ್ಟ್. ಡ್ರೇಸ್‌ಗೆ ಅದು ಅವಸರ ಅನ್ನಿಸುತ್ತಿತ್ತು.

1958ರಲ್ಲಿ ಸರ್ಕಾರ ಯಾಕೆ ಬಿತ್ತು?

ತೆರಿಗೆ ವಿಷಯಕ್ಕೆ. ತಾತ್ಕಾಲಿಕವಾಗಿ ಏರಿಸಿದ್ದ ತೆರಿಗೆಗಳನ್ನು ಇನ್ನೂ ಎರಡು ವರ್ಷ ಮುಂದುವರಿಸಬೇಕು ಅಂತ ಹಣಕಾಸು ಮಂತ್ರಿ ಹಾಫ್‌ಸ್ಟ್ರಾ ಕೇಳಿದರು. ಸಂಸತ್ತು ಒಂದೇ ವರ್ಷ ಅಂದಿತು. ಕಾರ್ಮಿಕ ಪಕ್ಷದ ಮಂತ್ರಿಗಳು ರಾಜೀನಾಮೆ ಕೊಟ್ಟರು. ಒಂದು ವರ್ಷದ ವ್ಯತ್ಯಾಸ ಬರೀ ನೆಪ. ಎರಡು ಪಕ್ಷಗಳೂ ಒಟ್ಟಿಗೆ ಇದ್ದು ಬೇಸತ್ತಿದ್ದವು.

ತಾವೇ ಕಟ್ಟಿದ ಪಕ್ಷವನ್ನು ಕೊನೆಗೆ ಬಿಟ್ಟರಂತೆ?

1971ರಲ್ಲಿ, 84ರ ವಯಸ್ಸಿನಲ್ಲಿ ಬಿಟ್ಟರು. 1946ರಲ್ಲಿ ಹುಟ್ಟಿದ ಕಾರ್ಮಿಕ ಪಕ್ಷದ ಮುಂಚೂಣಿಯಲ್ಲಿದ್ದವರು ಅವರು. 1966ರ ಸುಮಾರಿಗೆ ‘ಹೊಸ ಎಡ’ ಅನ್ನುವ ಯುವಕರ ಗುಂಪು ಪಕ್ಷದೊಳಗೆ ಎದ್ದಿತು. ನ್ಯಾಟೊ, ರಾಜಮನೆತನ, ಸಮ್ಮಿಶ್ರ ಸರ್ಕಾರ, ಎಲ್ಲವನ್ನೂ ಪ್ರಶ್ನಿಸಿತು. ಖರ್ಚಿನ ಲೆಕ್ಕ ಕೊಡದೆ ಭರವಸೆ ಕೊಡುವುದು ಡ್ರೇಸ್‌ಗೆ ಒಗ್ಗದ ವಿಷಯ. ಮಗ, ಅವರ ಹೆಸರೂ ವಿಲ್ಲೆಮ್ ಡ್ರೇಸ್, ಒಡೆದುಹೋದವರ ಪಕ್ಷವಾದ ಡಿಎಸ್‌70ರ ನಾಯಕರಾಗಿ ಅದೇ ವರ್ಷ 8 ಸ್ಥಾನ ಗೆದ್ದು ಮಂತ್ರಿಯಾದರು. ಅಪ್ಪ ಆ ಪಕ್ಷಕ್ಕೆ ಸೇರಲಿಲ್ಲ. ಕೊನೆಗಾಲದಲ್ಲಿ ಕಣ್ಣು, ಕಿವಿ ಎರಡೂ ಮಂದವಾದವು. ತೀರಿಕೊಂಡ ಹದಿನಾರು ವರ್ಷದ ಮೇಲೆ, 2004ರಲ್ಲಿ, ಟಿವಿಯವರು ಅತಿ ಶ್ರೇಷ್ಠ ಡಚ್ ವ್ಯಕ್ತಿ ಯಾರು ಅಂತ ಜನರನ್ನು ಕೇಳಿದಾಗ ಮೂರನೇ ಸ್ಥಾನ ಸಿಕ್ಕಿದ್ದು ಇವರಿಗೆ.

ಡ್ರೇಸ್ ಪಿಂಚಣಿ ಇನ್ನೆಷ್ಟು ಕಾಲ ಬಾಳುತ್ತೆ?

1957ರಲ್ಲಿ ಒಬ್ಬ ಪಿಂಚಣಿದಾರರಿಗೆ ಆರೇಳು ಜನ ದುಡಿಯುವವರಿದ್ದರು. ಈಗ ಮೂರರ ಆಸುಪಾಸು. ಹಾಗಾಗಿ ಕಂತಿನ ಹಣ ಸಾಲುವುದಿಲ್ಲ, ದೊಡ್ಡ ಪಾಲು ತೆರಿಗೆಯಿಂದಲೇ ಹೋಗುತ್ತಿದೆ. ಅಂದರೆ ಡ್ರೇಸ್ ಮೊದಲು ಕೇಳಿದ್ದ ದಾರಿಗೇ ಅರ್ಧ ಬಂದ ಹಾಗಾಯಿತು. 65 ಅನ್ನುವ ವಯಸ್ಸು 2012ರವರೆಗೆ ಅಲುಗಾಡಲಿಲ್ಲ. ಆಮೇಲೆ ತಿಂಗಳು ತಿಂಗಳಾಗಿ ಏರಿಸಿ 2024ಕ್ಕೆ 67 ಮಾಡಿದರು, 2028ಕ್ಕೆ 67 ವರ್ಷ 3 ತಿಂಗಳು. ವಯಸ್ಸನ್ನು ಎಷ್ಟು ಏರಿಸಬಹುದು ಅನ್ನುವುದರ ಮೇಲೆ ಪ್ರತಿ ಚುನಾವಣೆಯಲ್ಲೂ ಜಗಳ ನಡೆಯುತ್ತದೆ. ಪಿಂಚಣಿಯನ್ನೇ ತೆಗೆದುಹಾಕೋಣ ಅಂತ ಯಾವ ದೊಡ್ಡ ಪಕ್ಷವೂ ಇವತ್ತಿನವರೆಗೆ ಹೇಳಿಲ್ಲ.